ದಿಗ್ಬೋಯ್‌ನ ಎಣ್ಣೆ ಬಾವಿ ನೋಡಲು ಹೋಗುವವರಿಗೆ

ಅಸ್ಸಾಂಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ಕಾಮಾಖ್ಯ ಇರುತ್ತದೆ, ಕಾಜಿರಂಗ ಇರುತ್ತದೆ, ಸ್ವಲ್ಪ ಜಾಸ್ತಿ ದಿನ ಇದ್ದರೆ ಮಾಜುಲಿ. ಅಲ್ಲಿಂದ ಗಾಡಿ ಶಿಲ್ಲಾಂಗ್ ಕಡೆ ತಿರುಗಿಬಿಡುತ್ತದೆ. ದಿಗ್ಬೋಯ್ ಹೆಸರನ್ನು ಹೈಸ್ಕೂಲಿನ ಸಮಾಜ ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ಗೆ ಬರೆದು, ಅಲ್ಲಿಗೇ ಮರೆತಿರುತ್ತೇವೆ. ಭಾರತದಲ್ಲಿ ಲಾಭಕ್ಕೆ ಎಣ್ಣೆ ತೆಗೆದ ಮೊದಲ ಬಾವಿ ಇರುವ ಊರು ಅದು. ಬಾವಿಯನ್ನು ಉಳಿಸಿಕೊಂಡಿದ್ದಾರೆ. ಪಕ್ಕದಲ್ಲೇ ಮ್ಯೂಸಿಯಂ ಮಾಡಿದ್ದಾರೆ. ಆ ಎಣ್ಣೆಗಾಗಿ ಕಟ್ಟಿದ ರಿಫೈನರಿ ಇವತ್ತಿಗೂ ಓಡುತ್ತಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಾವಿ ಅಂದ ತಕ್ಷಣ ಎಣ್ಣೆ ಚಿಮ್ಮುವ ದೃಶ್ಯ ನಿರೀಕ್ಷಿಸಿಕೊಂಡು ಹೋದರೆ ಬೇಜಾರಾಗುತ್ತದೆ. ಬರುವವರಲ್ಲಿ ಬಹಳಷ್ಟು ಜನ ಮ್ಯೂಸಿಯಂ ಮುಂದೆ ನಾಲ್ಕು ಸೆಲ್ಫಿ ತೆಗೆದುಕೊಂಡು ಮುಕ್ಕಾಲು ಗಂಟೆಯಲ್ಲಿ ಹೊರಡುತ್ತಾರೆ. ಬಾವಿ, ರಿಫೈನರಿ, ಊರು ಮೂರನ್ನೂ ಸೇರಿಸಿ ನೋಡಿದರೆ ಮಾತ್ರ ಅಷ್ಟು ದೂರ ಹೋಗಿದ್ದಕ್ಕೆ ಸಾರ್ಥಕ. ಅದಕ್ಕೆ ಒಂದು ಪೂರ್ತಿ ದಿನ ಬೇಕು.

ಹೋಗುವ ಮೊದಲು ಇಷ್ಟು ತಿಳಿದುಕೊಂಡಿರಿ

ಅಲ್ಲಿ ಯಾರನ್ನು ಕೇಳಿದರೂ ಮೊದಲು ಆನೆಯ ಕತೆ ಹೇಳುತ್ತಾರೆ. ರೈಲ್ವೆ ಕೆಲಸಕ್ಕೆ ಕಾಡಿನಿಂದ ದಿಮ್ಮಿ ಎಳೆದು ತಂದ ಆನೆಗಳ ಕಾಲಿಗೆ ಕಪ್ಪು ಜಿಡ್ಡು ಮೆತ್ತಿತ್ತಂತೆ. ಹೆಜ್ಜೆ ಹಿಡಿದು ಹೋದರೆ ನೆಲದಿಂದ ಎಣ್ಣೆ ಒಸರುತ್ತಿತ್ತಂತೆ. ‘ಡಿಗ್ ಬಾಯ್ ಡಿಗ್’ ಅಂತ ಸಾಹೇಬರು ಕೂಗಿದರು ಅನ್ನುವ ಬಾಲವೂ ಇದಕ್ಕೆ ಸೇರಿಕೊಂಡಿದೆ. ಕೇಳಲು ಚೆನ್ನಾಗಿದೆ, ಕೇಳಿಸಿಕೊಳ್ಳಿ. ಆದರೆ ಇದರಲ್ಲಿ ಎರಡು ಬೇರೆ ಬೇರೆ ಕಾಲದ ಸಂಗತಿಗಳು ಕಲೆತುಹೋಗಿವೆ.

ಮೊದಲನೆಯದು ಗುಡ್‌ಎನಫ್ ಎಂಬುವರದು. ಕಲ್ಕತ್ತೆಯ ಮೆಕಿಲಪ್ ಸ್ಟೀವರ್ಟ್ ಕಂಪನಿಯ ಪರವಾಗಿ ಅವರು 1866ರಲ್ಲಿ ಅಸ್ಸಾಂನಲ್ಲೇ ಇರುವ ಜಯಪುರ ಅನ್ನುವ ಊರಿನ ಹತ್ತಿರ ನಾಹೋರ್‌ಪುಂಗ್‌ನಲ್ಲಿ 102 ಅಡಿ ಕೊರೆಸಿದರು. ಕೆಲಸಕ್ಕೆ ಬರಲಿಲ್ಲ. ಮಾರನೇ ವರ್ಷ, 1867ರ ಮಾರ್ಚ್ 26ರಂದು, ಮಾಕುಮ್‌ನಲ್ಲಿ 118 ಅಡಿಗೆ ಎಣ್ಣೆ ಸಿಕ್ಕಿತು. ಅಮೆರಿಕದ ಟೈಟಸ್‌ವಿಲ್‌ನಲ್ಲಿ ಡ್ರೇಕ್ ಬಾವಿಯಲ್ಲಿ ಎಣ್ಣೆ ಕಂಡು ಆಗಿನ್ನೂ 8 ವರ್ಷ ಅಷ್ಟೇ. ಆದರೆ ಮಾಕುಮ್‌ನ ಎಣ್ಣೆಯಿಂದ ವ್ಯಾಪಾರ ಕುದುರಲಿಲ್ಲ. ಕಾಡಿನ ನಡುವೆ ಸಿಕ್ಕಿದ ಎಣ್ಣೆಯನ್ನು ಸಾಗಿಸುವುದು ಹೇಗೆ, ಅಲ್ವಾ?

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ರೈಲು ಬಂದ ಮೇಲೆ. ಅಸ್ಸಾಂ ರೈಲ್ವೇಸ್ ಅಂಡ್ ಟ್ರೇಡಿಂಗ್ ಕಂಪನಿ 1880ರ ದಶಕದಲ್ಲಿ ದಿಬ್ರುಗಢದ ನದಿ ದಂಡೆಯಿಂದ ದಿಗ್ಬೋಯ್ ಹತ್ತಿರದ ಮಾರ್ಗರಿಟಾ ಕಡೆಗೆ ಹಳಿ ಹಾಕಿತು. ಅವರಿಗೆ ಬೇಕಾಗಿದ್ದು ಚಹಾ ಮತ್ತು ಕಲ್ಲಿದ್ದಲು. ಅದೇ ಕಂಪನಿಯಲ್ಲಿದ್ದ ಡಬ್ಲ್ಯು. ಎಲ್. ಲೇಕ್ ಅನ್ನುವವರಿಗೆ ಎಣ್ಣೆಯ ಹುಚ್ಚು. ಅವರ ಹಟದಿಂದ 1889ರ ಸೆಪ್ಟೆಂಬರಿನಲ್ಲಿ ದಿಗ್ಬೋಯ್‌ನಲ್ಲಿ ಕೊರೆಯಲು ಶುರುವಾಯಿತು. 1890ರ ನವೆಂಬರಿನಲ್ಲಿ 662 ಅಡಿಗೆ ಕೆಲಸ ಮುಗಿಯಿತು. ನೀವು ನೋಡಲು ಹೋಗುವ 1ನೇ ನಂಬರ್ ಬಾವಿ ಇದೇ.

ಮುಂದಿನದು ಬೇಗ ಹೇಳಬಹುದು. 1893ರಲ್ಲಿ ಮಾರ್ಗರಿಟಾದಲ್ಲಿ ಒಂದು ಸಣ್ಣ ರಿಫೈನರಿ. 1899ರಲ್ಲಿ ಅಸ್ಸಾಂ ಆಯಿಲ್ ಕಂಪನಿ. 1901ರ ಡಿಸೆಂಬರ್ 11ರಂದು ದಿಗ್ಬೋಯ್ ರಿಫೈನರಿ ಶುರು. 1921ರಲ್ಲಿ ಆಡಳಿತ ಬರ್ಮಾ ಆಯಿಲ್ ಕಂಪನಿಯ ಕೈಗೆ ಹೋಯಿತು. 1981ರ ಅಕ್ಟೋಬರ್ 14ರಂದು ರಿಫೈನರಿ ಇಂಡಿಯನ್ ಆಯಿಲ್‌ಗೆ ಸೇರಿತು, ಎಣ್ಣೆ ಬಾವಿಗಳು ಆಯಿಲ್ ಇಂಡಿಯಾ ಪಾಲಾದವು. ಇಷ್ಟು ತಲೆಯಲ್ಲಿದ್ದರೆ ಅಲ್ಲಿನ ಬೋರ್ಡುಗಳೆಲ್ಲ ಅರ್ಥವಾಗುತ್ತವೆ.

ಬೋರ್ಡು, ಬ್ರೋಷರುಗಳಲ್ಲಿ ‘ಏಷ್ಯಾದಲ್ಲೇ ಮೊದಲು’ ಅನ್ನುವ ಮಾತು ಕಂಡರೆ ಸ್ವಲ್ಪ ಉಪ್ಪು ಖಾರ ಕಳೆದು ಓದಿ. ಬಾಕುವಿನಲ್ಲಿ ಅದಕ್ಕೂ ಮೊದಲೇ ಕೊರೆದಿದ್ದರು. ಬರ್ಮಾದಲ್ಲಿ ಎಣ್ಣೆ ತೆಗೆದು ಸೋಸುವ ಕೆಲಸ ಆಗಲೇ ನಡೆದಿತ್ತು. ದೇಶದ ಮೊದಲನೆಯದು ಅಂದರೆ ದಿಗ್ಬೋಯ್‌ಗೆ ಯಾವ ಕಡಿಮೆಯೂ ಆಗುವುದಿಲ್ಲ.

ಯಾವಾಗ ಹೋಗಬೇಕು, ಹೇಗೆ ಹೋಗಬೇಕು

ನವೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಲೇಬೇಡಿ ಅನ್ನುತ್ತೇನೆ. ನಮ್ಮ ಆಗುಂಬೆ ಮಳೆ ನೋಡಿದವರಿಗೆ ಮಳೆಯ ಭಯ ಇರಲಿಕ್ಕಿಲ್ಲ. ಆದರೆ ಬ್ರಹ್ಮಪುತ್ರ ಉಕ್ಕಿದಾಗ ರಸ್ತೆ, ರೈಲು ಎಲ್ಲ ಅಸ್ತವ್ಯಸ್ತ. ಸುತ್ತಲಿನ ಕಾಡಿಗೆ ಕಾಲಿಟ್ಟರೆ ಜಿಗಣೆ ಬೇರೆ.

ಇದಕ್ಕಿಂತ ಮುಖ್ಯವಾದದ್ದು ಬೆಳಕಿನ ಲೆಕ್ಕ. ಅದು ದೇಶದ ಪೂರ್ವದ ತುದಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿ ಆಗಿರುತ್ತದೆ. ಬೆಂಗಳೂರಿನ ಅಭ್ಯಾಸದಲ್ಲಿ ಹನ್ನೊಂದಕ್ಕೆ ತಿಂಡಿ ಮುಗಿಸಿ ಹೊರಟರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಅಲ್ಲಿನ ಚಹಾ ತೋಟಗಳು ಇವತ್ತಿಗೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡು ಕೆಲಸ ಮಾಡುತ್ತವೆ. ನೀವೂ ಹಾಗೇ ಮಾಡಿ. ಉಳಿಯಲು ಅನುಕೂಲವಾದ ಪಕ್ಕದ ಊರು ತಿನ್ಸುಕಿಯಾ, ಬೆಳಿಗ್ಗೆ ಏಳಕ್ಕೆ ಅಲ್ಲಿಂದ ಬಿಡುವ ಹಾಗೆ ಇಟ್ಟುಕೊಳ್ಳಿ.

ವಿಮಾನವಾದರೆ ದಿಬ್ರುಗಢದ ಮೋಹನ್‌ಬಾರಿ ನಿಲ್ದಾಣಕ್ಕೆ ಹೋಗಬೇಕು. ಕೋಲ್ಕತ್ತ ಅಥವಾ ಗುವಾಹಟಿಯಲ್ಲಿ ವಿಮಾನ ಬದಲಿಸಿಕೊಂಡು ಹೋಗಬಹುದು. ಅಲ್ಲಿಂದ ದಿಗ್ಬೋಯ್‌ಗೆ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರ್. ರೈಲು ಇಷ್ಟಪಡುವವರಿಗೆ ಬೆಂಗಳೂರಿನ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ನ್ಯೂ ತಿನ್ಸುಕಿಯಾಗೆ ವಾರಕ್ಕೊಂದು ನೇರ ರೈಲಿದೆ. ಎರಡೂವರೆ ದಿನದ ಮೇಲೆ ಹಿಡಿಯುತ್ತದೆ. ಓದುವ ಪುಸ್ತಕ, ಒಂದಿಷ್ಟು ಚಕ್ಕುಲಿ, ಮತ್ತು ತಾಳ್ಮೆ ಇದ್ದವರಿಗೆ ಮಾತ್ರ.

ತಿನ್ಸುಕಿಯಾದಿಂದ ದಿಗ್ಬೋಯ್ ಸುಮಾರು 35 ಕಿಲೋಮೀಟರ್. ಶೇರ್ ಗಾಡಿಗಳು, ಬಸ್ಸು ಸಿಗುತ್ತವೆ. ಲೇಡೊ ಕಡೆ ಹೋಗುವ ರೈಲು ದಿಗ್ಬೋಯ್ ಮೇಲೇ ಹೋಗುತ್ತದೆ. ವೇಳೆ ಹೊಂದಿದರೆ ಹೋಗುವಾಗ ರೈಲನ್ನೇ ಹಿಡಿಯಿರಿ. ಎಣ್ಣೆ ಹುಡುಕಲು ಕಾರಣವಾದ, ಎಣ್ಣೆಯನ್ನು ಹೊರಗೆ ಸಾಗಿಸಿದ ಮಾರ್ಗ ಅದೇ. ಆಗ ಮೀಟರ್ ಗೇಜ್ ಇತ್ತು, ಈಗ ಬ್ರಾಡ್ ಗೇಜ್. ನಾಲ್ಕೈದು ಜನ ಇದ್ದರೆ ಇಡೀ ದಿನಕ್ಕೆ ಕಾರು ಮಾಡಿಕೊಳ್ಳುವುದು ವಾಸಿ. ಡ್ರೈವರನ್ನು ‘ದಾದಾ’ ಅಂತ ಕರೆದು, ಮಾರ್ಗರಿಟಾ, ಲೇಡೊ ಕೂಡ ಸೇರಿಸಿ ಬಾಡಿಗೆ ಮಾತಾಡಿಕೊಂಡೇ ಹತ್ತಿ. ಹಿಂದಿ ಬಂದರೆ ಸಾಕು, ಕೆಲಸ ಆಗುತ್ತದೆ.

ಹೊರಡುವ ಹಿಂದಿನ ದಿನ ಉಳಿದುಕೊಂಡ ಹೋಟೆಲಿನವರಿಂದ ಮ್ಯೂಸಿಯಂಗೆ ಒಂದು ಫೋನ್ ಮಾಡಿಸಿ, ತೆರೆದಿರುತ್ತದೆಯಾ ಅಂತ ಕೇಳಿ. ಸೋಮವಾರವನ್ನು ಮತ್ತು ಬಿಹು ಹಬ್ಬದ ದಿನಗಳನ್ನು ಬಿಟ್ಟುಬಿಡಿ. ಜೇಬಿನಲ್ಲಿ ಆಧಾರ್ ಇರಲಿ. ಒಂದಿಷ್ಟು ಚಿಲ್ಲರೆ ನಗದೂ ಇರಲಿ.

ಮೊದಲು ಬಾವಿ, ಆಮೇಲೆ ಮ್ಯೂಸಿಯಂ

ದಿಗ್ಬೋಯ್ ಶತಮಾನೋತ್ಸವ ಮ್ಯೂಸಿಯಂ ಮತ್ತು 1ನೇ ನಂಬರ್ ಬಾವಿ ಇರುವುದು ಒಂದೇ ಕಡೆ. ಒಳಗೆ ಹೋದವರು ನೇರ ಕಟ್ಟಡಕ್ಕೆ ನುಗ್ಗುತ್ತಾರೆ, ಯಾಕೆಂದರೆ ಬಾಗಿಲು ಅಲ್ಲಿ ಕಾಣುತ್ತದೆ. ನೀವು ಹಾಗೆ ಮಾಡಬೇಡಿ. ಮೊದಲು ಬಾವಿಯ ಹತ್ತಿರ ಹೋಗಿ.

ಬಾವಿ ಅಂದರೆ ನಮ್ಮ ಮನೆ ಹಿತ್ತಲಿನ ಸೇದುವ ಬಾವಿಯಂತೆ ಇಣುಕಿ ನೋಡುವಂಥದ್ದೇನಲ್ಲ. ನೆಲದೊಳಗೆ ಇಳಿದ ಕಬ್ಬಿಣದ ಕೊಳವೆಯ ಬಾಯಿ, ಅದರ ಮೇಲೆ ನಾಲ್ಕು ಕಾಲಿನ ಅಟ್ಟಣೆ. ಆ ಅಟ್ಟಣೆಗೆ ಡೆರಿಕ್ ಅನ್ನುತ್ತಾರೆ. ಅಟ್ಟಣೆ ಅಷ್ಟೆತ್ತರ ಯಾಕೆ ಬೇಕಿತ್ತು ಅನ್ನುವುದು ಗೊತ್ತಾದರೆ ಉಳಿದದ್ದೆಲ್ಲ ತಾನಾಗೇ ಬಿಡಿಸಿಕೊಳ್ಳುತ್ತದೆ.

ಆಗಿನ ಕಾಲದಲ್ಲಿ ಕೊರೆಯುವುದು ಅಂದರೆ ತಿರುಗಿಸುವುದಲ್ಲ, ಕುಟ್ಟುವುದು. ಭಾರದ ಉದ್ದನೆಯ ಉಕ್ಕಿನ ಉಳಿಯನ್ನು ಹಗ್ಗಕ್ಕೆ ಕಟ್ಟಿ ಕೊಳವೆಯೊಳಗೆ ಇಳಿಬಿಡುತ್ತಿದ್ದರು. ಹಗ್ಗದ ಇನ್ನೊಂದು ತುದಿ ಮರದ ದೊಡ್ಡ ತೊಲೆಗೆ. ಉಗಿ ಎಂಜಿನ್ ಆ ತೊಲೆಯನ್ನು ಏತದ ಹಾಗೆ ಮೇಲೆ ಕೆಳಗೆ ಆಡಿಸುತ್ತಿತ್ತು. ತೊಲೆ ಎದ್ದಾಗ ಉಳಿ ಮೇಲೇಳುತ್ತದೆ, ಇಳಿದಾಗ ಧೊಪ್ಪೆಂದು ಬೀಳುತ್ತದೆ. ಕಲ್ಲು ಪುಡಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ತಳದಲ್ಲಿ ಪುಡಿ ತುಂಬಿಕೊಂಡು ಉಳಿಯ ಏಟು ನಾಟುವುದಿಲ್ಲ. ಆಗ ಉಳಿಯನ್ನು ಪೂರ್ತಿ ಹೊರಗೆ ಎಳೆಯಬೇಕು. ಅಡಿಯಲ್ಲಿ ಮುಚ್ಚಳವಿರುವ ಉದ್ದನೆಯ ಡಬ್ಬಿ ಇಳಿಸಿ ಕೆಸರನ್ನು ಮೊಗೆದು ತೆಗೆಯಬೇಕು. ಮತ್ತೆ ಉಳಿ ಇಳಿಸಬೇಕು. ಗೋಡೆ ಕುಸಿಯದ ಹಾಗೆ ಆಗಾಗ ಕೇಸಿಂಗ್ ಪೈಪು ಇಳಿಸುತ್ತಾ ಹೋಗಬೇಕು. ಉದ್ದನೆಯ ಉಳಿ, ಉದ್ದನೆಯ ಪೈಪು ನೆಟ್ಟಗೆ ನಿಂತು ಇಳಿಯಬೇಕಾದರೆ ಮೇಲೆ ಅಷ್ಟು ಎತ್ತರದ ಅಟ್ಟಣೆ ಇರಲೇಬೇಕು.

ಈಗ ಲೆಕ್ಕ ಹಾಕಿ. 14 ತಿಂಗಳಲ್ಲಿ 662 ಅಡಿ. ದಿನಕ್ಕೆ ಸರಾಸರಿ ಒಂದೂವರೆ ಅಡಿ ಚಿಲ್ಲರೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ಲಾರಿ ತಂದು ನಿಲ್ಲಿಸಿ ಒಂದೆರಡು ದಿನದಲ್ಲಿ ಸಾವಿರ ಅಡಿ ದಾಟಿಸುತ್ತಾರೆ, ಅದೂ ಬರೀ ನೀರಿಗೆ. ದಿಗ್ಬೋಯ್‌ನಲ್ಲಿ ಆಗ ರಸ್ತೆ ಇಲ್ಲ, ಸುತ್ತ ದಟ್ಟ ಕಾಡು, ಮಲೇರಿಯಾ. ಬಾಯ್ಲರಿಗೆ ಸೌದೆ ಹಾಕಿ ಹಾಕಿ, ನಡುವೆ ಒಂದು ಇಡೀ ಮಳೆಗಾಲ ಕಳೆದು ಕುಟ್ಟಿದ್ದಾರೆ. ಕೊಳವೆಯ ಬಾಯಿ ಹತ್ತಿರ ಒಂದು ಹತ್ತು ನಿಮಿಷ ಸುಮ್ನೆ ನಿಂತು ಇದನ್ನೆಲ್ಲ ಕಣ್ಣ ಮುಂದೆ ತಂದುಕೊಳ್ಳಿ. ಆಮೇಲೆ ಮ್ಯೂಸಿಯಂ ಒಳಗಿನ ರಿಗ್ಗಿನ ಮಾದರಿ ನೋಡಿದರೆ ಯಾವ ಭಾಗ ಏನು ಮಾಡುತ್ತಿತ್ತು ಅಂತ ನೀವೇ ಮಕ್ಕಳಿಗೆ ಹೇಳಿಕೊಡಬಹುದು.

ಕಟ್ಟಡದ ಹೊರಗೆ, ಅಂಗಳದಲ್ಲಿ ಇಟ್ಟಿರುವ ಹಳೆಯ ಯಂತ್ರಗಳನ್ನು ಜನ ಕುರ್ಚಿ ಮಾಡಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನ ಪ್ರಕಾರ ಒಳಗಿನ ಫೋಟೊಗಳಿಗಿಂತ ಇವೇ ಮೇಲು. ರಿವೆಟ್ ಹೊಡೆದ ಕೀಲುಗಳನ್ನು ಹತ್ತಿರದಿಂದ ನೋಡಿ. ವೆಲ್ಡಿಂಗ್ ಬರುವ ಮೊದಲು ಕಬ್ಬಿಣದ ತಗಡುಗಳನ್ನು ಹೀಗೇ ಜೋಡಿಸುತ್ತಿದ್ದರು. ಒಂದೊಂದು ರಿವೆಟ್ಟನ್ನೂ ಕೆಂಪಗೆ ಕಾಯಿಸಿ ಕೈಯಲ್ಲಿ ಬಡಿದಿರುವುದು.

ಒಳಗೆ ಕೊರೆಯುವ ಸಾಮಾನು, ಹಳೆಯ ಪೆಟ್ರೋಲ್ ಪಂಪುಗಳು, ದೀಪಗಳು, ಫೋಟೊಗಳು, ರಿಫೈನರಿಯ ಕತೆ ಇವೆ. ದೀಪಗಳ ಹತ್ತಿರ ಸ್ವಲ್ಪ ನಿಧಾನ ಮಾಡಿ. 1901ರಲ್ಲಿ ರಿಫೈನರಿ ಶುರುವಾದಾಗ ದೇಶದಲ್ಲಿ ಕಾರುಗಳು ಬೆರಳೆಣಿಕೆಯಷ್ಟು. ಪೆಟ್ರೋಲ್ ಯಾರಿಗೂ ಬೇಡ. ಬೇಕಾಗಿದ್ದು ಸೀಮೆಎಣ್ಣೆ. ಕಚ್ಚಾ ಎಣ್ಣೆಯನ್ನು ದೊಡ್ಡ ಹಂಡೆಯಲ್ಲಿ ಹಾಕಿ ಕೆಳಗೆ ಬೆಂಕಿ ಹಾಕುತ್ತಿದ್ದರು. ಮೊದಲು ಆವಿಯಾಗುವುದು ಪೆಟ್ರೋಲ್‌ನಂಥ ಹಗುರ ಎಣ್ಣೆ, ಆಮೇಲೆ ಸೀಮೆಎಣ್ಣೆ, ಆಮೇಲೆ ಡೀಸೆಲ್‌ನಂಥ ಭಾರದ್ದು. ಒಂದೊಂದನ್ನೂ ಬೇರೆ ಬೇರೆ ತಣಿಸಿ ಹಿಡಿಯುತ್ತಿದ್ದರು. ನಮ್ಮ ಅಜ್ಜಿಯರ ಕಾಲದ ಬುಡ್ಡಿದೀಪ, ಲಾಟೀನು ಉರಿದಿದ್ದು ಇಂಥ ಹಂಡೆಗಳ ನಡುವಿನ ಪಾಲಿನಿಂದ. ದಿಗ್ಬೋಯ್ ಎಣ್ಣೆಯಲ್ಲಿ ಮೇಣ ಜಾಸ್ತಿ. ಅದನ್ನು ಬೇರ್ಪಡಿಸಿ ಮೇಣದಬತ್ತಿಗೆ ಮಾರುತ್ತಿದ್ದರು, ಮೇಣ ಇವತ್ತಿಗೂ ಅಲ್ಲಿಂದ ಬರುತ್ತದೆ. ಹಾಗಾಗಿ ಮ್ಯೂಸಿಯಂನಲ್ಲಿ ಮೇಣದ ಮಾತು ಬಂದಾಗ ಇದೇನು ಇಲ್ಲಿ ಅಂತ ಮುಂದೆ ಹೋಗಬೇಡಿ.

ಅಲ್ಲಿನ ಸಿಬ್ಬಂದಿಯಲ್ಲಿ ಹಿರಿಯರು ಸಿಕ್ಕರೆ ಮಾತಾಡಿಸಿ. ಎರಡು ಮೂರು ತಲೆಮಾರು ಎಣ್ಣೆ ಕಂಪನಿಯಲ್ಲೇ ದುಡಿದ ಮನೆಗಳು ಆ ಊರಲ್ಲಿ ಬೇಕಾದಷ್ಟಿವೆ. ಬೋರ್ಡಿನಲ್ಲಿಲ್ಲದ ವಿಷಯ ಅವರ ಬಾಯಲ್ಲಿ ಬರುತ್ತದೆ.

ರಿಫೈನರಿಯನ್ನು ಹೊರಗಿನಿಂದಲೇ ನೋಡಿ

ಇದು ಬಿಗಿ ಭದ್ರತೆ ಇರುವ ಜಾಗ. ಸುಮ್ನೆ ಗೇಟಿಗೆ ಹೋಗಿ ‘ಸ್ವಲ್ಪ ನೋಡಿ ಬರುತ್ತೇವೆ’ ಅಂದರೆ ಬಿಡುವುದಿಲ್ಲ. ಕಾಲೇಜಿನವರು ಗುಂಪಾಗಿ ಹೋಗುವುದಾದರೆ ಸಂಸ್ಥೆಯ ಪತ್ರ ಬರೆದು ಬಹಳ ಮೊದಲೇ ಕೇಳಬೇಕು. ಉಳಿದವರು ರಸ್ತೆಯಿಂದ ನೋಡಿಕೊಂಡು ಹೋಗುವುದಷ್ಟೇ. ಗೇಟು, ಬೇಲಿ, ಟ್ಯಾಂಕುಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ. ಡ್ರೋನ್ ತರಲೇಬೇಡಿ. ಬಾವಿ ಮತ್ತು ಪೈಪ್‌ಲೈನ್ ಇರುವ ಕಡೆ ಬೀಡಿ, ಸಿಗರೇಟು ಹಚ್ಚಬಾರದು ಅನ್ನುವುದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ.

ಗಾತ್ರ ನೋಡಿ ‘ಇಷ್ಟೇನಾ’ ಅನ್ನಿಸಬಹುದು. ವರ್ಷಕ್ಕೆ 6.5 ಲಕ್ಷ ಟನ್ ಇದರ ಸಾಮರ್ಥ್ಯ. ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ನದು 1.5 ಕೋಟಿ ಟನ್. ಆದರೆ 1901ರಲ್ಲಿ ಹಚ್ಚಿದ ಒಲೆಯನ್ನು ಅದೇ ಜಾಗದಲ್ಲಿ ಇವತ್ತಿನವರೆಗೆ ಉರಿಸಿಕೊಂಡು ಬಂದವರು ಜಗತ್ತಿನಲ್ಲೇ ಕಡಿಮೆ. ಹಳೆಯ ಯಂತ್ರಗಳ ಜಾಗಕ್ಕೆ ಹೊಸವು ಬಂದಿವೆ. ಜಾಗ ಮಾತ್ರ ಬದಲಾಗಿಲ್ಲ. ಎಣ್ಣೆ ಬಾವಿಗಳ ಕತೆ ಬೇರೆ. ಎರಡನೇ ಮಹಾಯುದ್ಧದ ಹೊತ್ತಿಗೆ ದಿಗ್ಬೋಯ್‌ನಲ್ಲಿ ದಿನಕ್ಕೆ ಸುಮಾರು 7,000 ಬ್ಯಾರೆಲ್ ತೆಗೆಯುತ್ತಿದ್ದರು. ಈಗ ಅಲ್ಲಿ ಬರುವುದು ಅದರ ಸಣ್ಣ ಚೂರು ಅಷ್ಟೇ.

ಊರು ಸುತ್ತಿ

ಕೆಜಿಎಫ್ ನೋಡಿದವರಿಗೆ ದಿಗ್ಬೋಯ್ ಊರು ಕೂಡಲೇ ಗುರುತು ಸಿಗುತ್ತದೆ. ಗುಡ್ಡದ ಮೇಲೆ ಸಾಹೇಬರ ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ. ಕೆಳಗೆ ಕೆಲಸಗಾರರ ಮನೆಗಳ ಸಾಲು, ಬಜಾರು. ಕಂಪನಿ ಕಟ್ಟಿದ ಊರುಗಳೆಲ್ಲ ಹೀಗೇ. ಒಂದೇ ವ್ಯತ್ಯಾಸ, ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಇಲ್ಲಿ ಪಾಳಿ ಇನ್ನೂ ನಡೆಯುತ್ತಿದೆ.

ಬಂಗಲೆಗಳನ್ನು ನೋಡುವಾಗ ಕಂಬಗಳ ಮೇಲೆ ಎತ್ತರಿಸಿ ಕಟ್ಟಿದವನ್ನು ಗಮನಿಸಿ. ಚಾಂಗ್ ಬಂಗಲೆ ಅನ್ನುತ್ತಾರೆ. ಮಳೆ ನೀರು, ಹಾವು, ನೆಲದ ತೇವ ಎಲ್ಲದರಿಂದ ದೂರ ಇರಲು ಆ ಕಡೆಯ ಮನೆ ಕಟ್ಟುವ ಪದ್ಧತಿಯನ್ನೇ ಇವರು ತೆಗೆದುಕೊಂಡರು. ಇವುಗಳಲ್ಲಿ ಈಗಲೂ ಜನ ವಾಸವಿದ್ದಾರೆ. ರಸ್ತೆಯಿಂದ ನೋಡಿ, ಕಾಂಪೌಂಡಿನೊಳಗೆ ಹೋಗಬೇಡಿ.

ಮ್ಯೂಸಿಯಂ ಹೇಳುವುದು ಬಹುಪಾಲು ಕಂಪನಿಯ ಕತೆ. ದುಡಿದವರ ಕತೆಯನ್ನು ನೀವು ಕೇಳಿ ತಿಳಿದುಕೊಳ್ಳಬೇಕು. 1939ರಲ್ಲಿ ಇಲ್ಲಿನ ಕೆಲಸಗಾರರು ದೊಡ್ಡ ಮುಷ್ಕರ ಹೂಡಿದರು. ಆ ಏಪ್ರಿಲಿನಲ್ಲಿ ಗೋಲಿಬಾರ್ ಆಗಿ ಮೂವರು ಸತ್ತರು. ಆಗ ಪ್ರಾಂತ್ಯದಲ್ಲಿ ಇದ್ದದ್ದು ಗೋಪಿನಾಥ ಬೊರ್ದೊಲೊಯ್ ಅವರ ಕಾಂಗ್ರೆಸ್ ನೇತೃತ್ವದ ಸರ್ಕಾರ. ಬ್ರಿಟಿಷ್ ಕಂಪನಿಯನ್ನು ಬಗ್ಗಿಸಲು ಅವರಿಗೂ ಆಗಲಿಲ್ಲ, ಅಷ್ಟರಲ್ಲಿ ಯುದ್ಧ ಶುರುವಾಯಿತು. ಊರಿನ ಹಿರಿಯರೊಬ್ಬರು ಚಹಾ ಅಂಗಡಿಯಲ್ಲಿ ಸಿಕ್ಕರೆ ಈ ವಿಷಯ ಎತ್ತಿ ನೋಡಿ.

ಪೆಂಗೇರಿ ರಸ್ತೆಯಲ್ಲಿ ಯುದ್ಧದ ಸ್ಮಶಾನ ಇದೆ. ಎರಡನೇ ಮಹಾಯುದ್ಧದಲ್ಲಿ ಇಲ್ಲೊಂದು ಮಿಲಿಟರಿ ಆಸ್ಪತ್ರೆ ಇತ್ತು. ಅಲ್ಲಿ ತೀರಿಕೊಂಡವರನ್ನು ಹೂಳಲು ಶುರುವಾಗಿ, ಆಮೇಲೆ ಸುತ್ತಲಿನ ಬೇರೆ ಕಡೆಯ ಸಮಾಧಿಗಳನ್ನೂ ಇಲ್ಲಿಗೆ ತಂದರು. ಸುಮಾರು 200 ಸಮಾಧಿಗಳಿವೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಬಹಳ ಚೊಕ್ಕಟವಾಗಿ ಇಟ್ಟುಕೊಂಡಿದೆ. ಅರ್ಧ ಗಂಟೆ ಸಾಕು. ಮಕ್ಕಳು ಓಡಾಡಿ ಗಲಾಟೆ ಮಾಡದ ಹಾಗೆ ನೋಡಿಕೊಳ್ಳಿ.

ಸಮಯ ಉಳಿದರೆ

ಮಾರ್ಗರಿಟಾ ಇಲ್ಲಿಂದ ಅರ್ಧ ಗಂಟೆಯ ದಾರಿ. ಅಲ್ಲಿ ಕೋಲ್ ಇಂಡಿಯಾದವರ ಕಲ್ಲಿದ್ದಲು ಮ್ಯೂಸಿಯಂ ಇದೆ. ಅದೇ ರೈಲು ಕಂಪನಿ ಕಲ್ಲಿದ್ದಲನ್ನೂ ತೆಗೆಯುತ್ತಿದ್ದರಿಂದ, ದಿಗ್ಬೋಯ್ ಕತೆಯ ಇನ್ನರ್ಧ ಅಲ್ಲಿದೆ ಅಂತಲೇ ತಿಳಿಯಿರಿ. ಮುಂದೆ ಲೇಡೊ. ಯುದ್ಧಕಾಲದಲ್ಲಿ ಚೀನಾದ ಕುನ್‌ಮಿಂಗ್‌ವರೆಗೆ ಹೋದ ಸ್ಟಿಲ್‌ವೆಲ್ ರಸ್ತೆ ಶುರುವಾಗುವುದು ಅಲ್ಲಿಂದ. ಬೋರ್ಡೊಂದನ್ನು ಬಿಟ್ಟರೆ ನೋಡಲು ಜಾಸ್ತಿ ಏನಿಲ್ಲ. ಅಲ್ಲಿಂದ ಅರುಣಾಚಲದ ಒಳಗೆ ಹೋಗುವ ಆಸೆ ಇದ್ದರೆ ಇನ್ನರ್ ಲೈನ್ ಪರ್ಮಿಟ್ ಬೇಕೇ ಬೇಕು. ಊರು ಬಿಡುವ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿಕೊಳ್ಳಿ.

ಕಾಡು ಇಷ್ಟಪಡುವವರು ಇನ್ನೊಂದು ದಿನ ಇಟ್ಟುಕೊಂಡು ದೇಹಿಂಗ್ ಪಟ್ಕಾಯ್ ಕಡೆ ಹೋಗಬಹುದು. ಹೂಲಾಕ್ ಗಿಬ್ಬನ್ ಅನ್ನುವ ಬಾಲವಿಲ್ಲದ ವಾನರದ ಕೂಗು ಕೇಳಬೇಕಾದರೆ ನಸುಕಿನಲ್ಲೇ ಹೋಗಬೇಕು. ಇದೇ ತಿನ್ಸುಕಿಯಾ ಜಿಲ್ಲೆಯ ಬಾಗ್‌ಜಾನ್‌ನಲ್ಲಿ 2020ರ ಮೇ ತಿಂಗಳಲ್ಲಿ ಬಾವಿಯೊಂದು ಸಿಡಿದು, ಜೂನ್‌ನಲ್ಲಿ ಬೆಂಕಿ ಹತ್ತಿ, ಇಬ್ಬರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಪೂರ್ತಿ ಆರಿಸಲು ನವೆಂಬರ್ ಆಯಿತು. ಪಕ್ಕದ ಮಾಗುರಿ ಕೆರೆ ಹಕ್ಕಿಗಳಿಗೆ ಹೆಸರಾದದ್ದು. ಅಲ್ಲಿಗೆ ದೋಣಿಯಲ್ಲಿ ಹೋಗುವವರು ದೋಣಿಯವರನ್ನು ಆ ವರ್ಷದ ಬಗ್ಗೆ ಕೇಳಿ. ಎಣ್ಣೆಯ ಚರಿತ್ರೆಯಲ್ಲಿ ಅದೂ ಸೇರುತ್ತದೆ, ಮ್ಯೂಸಿಯಂಗೆ ಇನ್ನೂ ಬರದಿದ್ದರೂ.

ಊಟ, ವಸತಿ

ಉಳಿಯಲು ತಿನ್ಸುಕಿಯಾ ಅನುಕೂಲ, ಎಲ್ಲ ದರದ ಹೋಟೆಲುಗಳಿವೆ. ದಿಗ್ಬೋಯ್‌ನಲ್ಲಿ ಲಾಡ್ಜುಗಳು ಕಡಿಮೆ. ಎಣ್ಣೆ ಕಂಪನಿಗಳಲ್ಲಿ ಕೆಲಸ ಮಾಡುವ ನೆಂಟರು, ಗೆಳೆಯರು ಇದ್ದರೆ ಗೆಸ್ಟ್ ಹೌಸ್ ವಿಚಾರಿಸಿ.

ಮಧ್ಯಾಹ್ನ ಅಸ್ಸಾಮಿ ಥಾಲಿ ತಿನ್ನಿ. ಅನ್ನ, ತೊವ್ವೆ, ಸೊಪ್ಪಿನ ಪಲ್ಯ ನಮಗೆ ಒಗ್ಗುತ್ತವೆ. ಮೀನು ತಿನ್ನುವವರಾದರೆ ಮಾಸರ್ ಟೆಂಗಾ ಅನ್ನುವ ಹುಳಿ ಸಾರು ಬಿಡಬೇಡಿ. ಖಾರ ನಮ್ಮಷ್ಟು ಇರುವುದಿಲ್ಲ. ಕಟ್ಟಾ ಸಸ್ಯಾಹಾರಿಗಳು ‘ನಿರಾಮಿಷ್’ ಅಂತ ಹೇಳಿ, ಸಾಸಿವೆ ಎಣ್ಣೆಗೆ ಮನಸ್ಸು ಸಿದ್ಧ ಮಾಡಿಕೊಂಡಿರಿ. ಚಹಾ ಕೇಳಿದರೆ ಹಾಲಿಲ್ಲದ ಕೆಂಪು ಚಹಾ ಬರಬಹುದು. ಫಿಲ್ಟರ್ ಕಾಫಿಯ ಆಸೆ ಆ ಎರಡು ದಿನ ಬಿಡಿ.

ಸ್ವಂತ ಗಾಡಿ ಇಲ್ಲದವರು ಮಧ್ಯಾಹ್ನ ಮೂರೂವರೆಯೊಳಗೆ ದಿಗ್ಬೋಯ್ ಬಿಡುವ ಹಾಗೆ ನೋಡಿಕೊಳ್ಳಿ. ಕತ್ತಲಾದ ಮೇಲೆ ಶೇರ್ ಗಾಡಿಗಳು ಕಡಿಮೆಯಾಗುತ್ತವೆ, ಸಿಕ್ಕಿದರೂ ಸೀಟು ತುಂಬುವವರೆಗೆ ಹೊರಡುವುದಿಲ್ಲ.